ಶಿರಾಡಿ ಇಳಿದ ಮಿಲ್ಲಕ್ಕ

ಮಿಲ್ಲಕ್ಕ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಒಂದೇ ಸಲ, ಅದೂ ಶಿರಾಡಿ ಘಾಟಿಯ ಒಂದು ತಿರುವಿನಲ್ಲಿ. ಉಳಿದಂತೆ ಅವರದು ಗಂಟಲು ಬಿಚ್ಚಿದ ಮಾತು. ಕುಂದೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದೆಯೇ ಅವರ ಹಿಟ್ಟಿನ ಮಿಲ್ಲು. ದಿನವಿಡೀ ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾಗಿ, ಮಿಷನ್ನು ನಿಂತ ಮೇಲೂ ಅವರ ದನಿ ಇಳಿಯುತ್ತಿರಲಿಲ್ಲ. ಗುಟ್ಟು ಹೇಳಬೇಕಾದರೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಅವರು ಹೇಳಿದ ಗುಟ್ಟು ಬೀದಿಯವರಿಗೆಲ್ಲ ಕೇಳುತ್ತಿತ್ತು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಬೇರೆ ತಾಲ್ಲೂಕಿನ ಶಾಲೆಯಲ್ಲಿದ್ದೆ. ಫೋನು ಮಾಡಿದ ಹೆಂಗಸು ಹೇಳಿದ್ದು ಇಷ್ಟೇ: "ಮಿಲ್ಲಕ್ಕ ಹೋಗ್ಬುಟ್ರು ಕಣ್ರೀ ಟೀಚರಮ್ಮ. ಬೆಳಗ್ಗೆ ಮಿಲ್ಲಿನ ಬಾಗ್ಲು ತೆಗ್ದು, ಅಲ್ಲೇ ಕುಂತೋರು ಏಳ್ನಿಲ್ಲ." ಮಿಲ್ಲಕ್ಕನ ನಿಜವಾದ ಹೆಸರು ನನಗೆ ಗೊತ್ತಿದೆ. ಇಲ್ಲಿ ಬರೆಯುತ್ತಿಲ್ಲ. ಊರಲ್ಲಿ ಆ ಹೆಸರು ಹಿಡಿದು ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ಮಿಲ್ಲಕ್ಕ ಎಂದರೆ ಆಲೂರಿನಿಂದ ಬರುವ ಕಂಡಕ್ಟರನಿಗೂ ಗೊತ್ತಿತ್ತು.

ತೊಂಬತ್ತರ ದಶಕದ ನಡುವೆ ನಾನು ಹೈಸ್ಕೂಲಿನ ಮೊದಲ ಕೆಲಸಕ್ಕೆಂದು ತಿಪಟೂರಿನ ಕಡೆಯಿಂದ ಕುಂದೂರಿಗೆ ಬಂದೆ. ಮದುವೆಯಾಗದ ಹುಡುಗಿಗೆ ಒಬ್ಬಳಿಗೇ ಮನೆ ಕೊಡಲು ಊರಿನವರು ಹಿಂದೆ ಮುಂದೆ ನೋಡಿದರು. ಮಿಲ್ಲಕ್ಕ ಮಾತ್ರ ನನ್ನ ಟ್ರಂಕನ್ನು ತಾವೇ ಎತ್ತಿ ತಮ್ಮ ಮನೆಯ ಹೊರಗಿನ ಕೋಣೆಯಲ್ಲಿಟ್ಟರು. ಆಗ ಅವರಿಗೆ ಐವತ್ತರ ಹತ್ತಿರ. ಎತ್ತರಕ್ಕೆ ತಕ್ಕ ಗಾತ್ರ, ಹುಬ್ಬಿನ ಮೇಲೆ ಸದಾ ರಾಗಿಹಿಟ್ಟು, ಅದರ ಮೇಲೆ ವಿಭೂತಿ. ಸೊಂಟದಲ್ಲಿ ನಸ್ಯದ ಡಬ್ಬಿ. ಒಬ್ಬಳೇ ಮಗಳನ್ನು ಅರಕಲಗೂಡಿಗೆ ಕೊಟ್ಟಿದ್ದರು. ಗಂಡ ಸತ್ತು ಕೆಲವು ವರ್ಷಗಳಾಗಿದ್ದವು. ಕೈಯಲ್ಲಿ ಹಸಿರು ಗಾಜಿನ ಬಳೆ ಇದ್ದೇ ಇರುತ್ತಿತ್ತು. ಯಾರೋ ಮುದುಕಿ ಅದರ ಬಗ್ಗೆ ಕೇಳಿದ್ದಕ್ಕೆ, ಇವನ್ನ ನಾನು ಮದುವೆಗೆ ಮುಂಚೆಯೂ ಹಾಕ್ತಿದ್ದೆ, ಅವರು ತಂದಿದ್ದಲ್ಲ, ಅವರ ಜೊತೆ ಕಳಿಸೋಕೆ, ಎಂದರಂತೆ.

ಗಂಡನ ಕಾರ್ಯ ಮುಗಿದ ಮಾರನೆಯ ದಿನವೇ ಅವರು ಮಿಷನ್ನು ಶುರು ಮಾಡಿದ ಕತೆಯನ್ನು ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ಮಿಲ್ಲಿನ ಜಾಗ ಒಟ್ಟು ಕುಟುಂಬದ್ದು. ಅದನ್ನು ತಾನು ನೋಡಿಕೊಳ್ಳುತ್ತೇನೆ, ಅತ್ತಿಗೆ ಒಳಗಿದ್ದರೆ ಸಾಕು ಎಂದು ಮೈದುನ ಹೇಳಿ ಕಳಿಸಿದ್ದ. ಅವನು ಬರುವ ಹೊತ್ತಿಗೆ ಮಿಷನ್ನು ಓಡುತ್ತಿತ್ತು, ಹೆಂಗಸರು ತಂದ ರಾಗಿಯ ಕುಕ್ಕೆಗಳು ಸಾಲಾಗಿ ಕೂತಿದ್ದವು. ಮಾತಾಡಿದರೆ ಕೇಳಿಸದ ಜಾಗದಲ್ಲಿ ಅವನು ಸ್ವಲ್ಪ ಹೊತ್ತು ನಿಂತು ಹೋದನಂತೆ. ಆ ಸಾಲಿನ ವಿಚಾರದಲ್ಲಿ ಮಿಲ್ಲಕ್ಕ ಬಹಳ ಖಡಕ್ಕು. ಪಟೇಲರ ಮನೆಯ ಆಳು ಬಂದು ತನ್ನ ಕುಕ್ಕೆಯನ್ನು ಎಲ್ಲರಿಗಿಂತ ಮುಂದಿಟ್ಟರೆ, ಅವರು ಅದನ್ನು ಎತ್ತಿ ಸಾಲಿನ ಕೊನೆಗೆ ಇಡುತ್ತಿದ್ದರು. ಪಟೇಲರು ಇದನ್ನು ಮರೆತಿರಲಿಲ್ಲ.

ಪ್ರತಿ ಶಿವರಾತ್ರಿಗೂ ಕುಂದೂರಿನಿಂದ ಗಂಡಸರ ಗುಂಪೊಂದು ಧರ್ಮಸ್ಥಳಕ್ಕೆ ನಡೆದು ಹೋಗುತ್ತಿತ್ತು. ಪಟೇಲರೇ ಅದರ ಯಜಮಾನರು. ಹಿಂದೆ ಮುಂದೆ ಅಡುಗೆಯ ವ್ಯಾನು, ಹರಹರ ಎನ್ನುವ ಕೂಗು, ಬರಿಗಾಲು. ನಾನು ಅಲ್ಲಿದ್ದ ಒಂದು ವರ್ಷ ಬಸವಣ್ಣನ ಗುಡಿಯ ಮುಂದೆ ಗುಂಪಿನವರು ಸೇರಿದಾಗ ಮಿಲ್ಲಕ್ಕ ಹೋಗಿ, ತಾನೂ ಬರುತ್ತೇನೆ ಎಂದರು. ಹೆಂಗಸರನ್ನು ಘಾಟಿಯಲ್ಲಿ ನಡೆಸಿಕೊಂಡು ಹೋಗುವುದು ಆಗದ ಮಾತು, ಹರಕೆ ಇದ್ದರೆ ನಿನ್ನ ಮೈದುನನ ಕೈಲಿ ತೀರಿಸು, ಇಲ್ಲವೇ ಬಸ್ಸಿದೆ ಎಂದರು ಪಟೇಲರು. ಹರಕೆ ಏನೂ ಇಲ್ಲ ಎಂದರು ಇವರು. ಮತ್ತೆ ಯಾಕೆ ಎಂದು ಯಾರೋ ಕೇಳಿದರು.

"ನಡೀಬೇಕು ಅನ್ನುಸ್ತು," ಎಂದರು ಮಿಲ್ಲಕ್ಕ. "ನಿಮ್ ಜೊತೆ ಬರ್ತೀನಿ ಅಂತ ಕೇಳಕ್ಕೆ ಬಂದಿಲ್ಲ. ಅದೇ ರಸ್ತೇಲಿ ಬತ್ತೀನಿ, ದಾರೀಲಿ ಸಿಕ್ಕಿದ್ರೆ ಗಾಬರಿ ಆಗ್ಬ್ಯಾಡಿ ಅಂತ ಹೇಳಕ್ಕೆ ಬಂದೆ."

ಮನೆಗೆ ಬಂದವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು, ನೀನೂ ಹೊರಡು ಎಂದರು. ಒಬ್ಬಳೇ ಹೋದರೆ ಹುಚ್ಚಿ ಅಂತಾರೆ, ಇಬ್ಬರಾದರೆ ಗುಂಪು ಅಂತಾರೆ ಎಂಬುದು ಅವರ ಲೆಕ್ಕ. ಶಾಲೆಗೆ ರಜೆ ಇತ್ತು. ದೇವರ ಮೇಲಿನ ಭಕ್ತಿಗಿಂತ, ಈ ಹೆಂಗಸು ಎಲ್ಲಿವರೆಗೆ ಹೋಗುತ್ತಾರೆ ನೋಡಬೇಕು ಎಂಬ ಆಸೆಯಿಂದ ಹೂಂ ಅಂದೆ.

ಹೊರಡುವ ಮುಂಚೆ ಸಕಲೇಶಪುರದ ಸಂತೆಗೆ ಹೋಗಿ ಅವರು ಗಂಡಸರ ಕ್ಯಾನ್ವಾಸ್ ಶೂ ತಂದರು. ಅವರ ಪಾದಕ್ಕೆ ಹೆಂಗಸರ ಚಪ್ಪಲಿ ಯಾವುದೂ ಸರಿಯಾಗುತ್ತಿರಲಿಲ್ಲ. ಸೀರೆಯ ಕೆಳಗೆ ಆ ಕಪ್ಪು ಶೂ ನೋಡಿ ಬೀದಿ ಬೀದಿಯೇ ನಕ್ಕಿತು. ದೇವರ ದಾರಿಯಲ್ಲಿ ಮೆಟ್ಟು ಹಾಕಬಾರದು ಎಂದು ಗುಡಿಯ ಅಯ್ಯನೋರು ಬುದ್ಧಿ ಹೇಳಿದರು. ಕಾಲನ್ನ ಕೊಟ್ಟೋನು ಅವನೇ ತಾನೆ, ಅದನ್ನ ಹಾಳು ಮಾಡ್ಕಂಡು ತಗಂಡೋಗಿ ಅವನಿಗೇ ತೋರಿಸ್ಲಾ, ಎಂದು ಇವರು ಕೇಳಿದರು.

ಮೊದಲನೆಯ ದಿನದ ನಡಿಗೆ ಸುಮ್ಮನೆ ದೂರ, ಅಷ್ಟೆ. ಗದ್ದೆ ಬಯಲು, ಆಮೇಲೆ ಕಾಫಿ ತೋಟ. ಒಂದು ಮಳೆ ಬಿದ್ದಿತ್ತೋ ಏನೋ, ಸಕಲೇಶಪುರದ ಹತ್ತಿರ ಗಿಡಗಳು ಹೂ ಬಿಟ್ಟು ರಸ್ತೆಯೆಲ್ಲ ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತಿತ್ತು. ಗಂಡಸರ ಗುಂಪು ನಮಗಿಂತ ಮುಂದೆ. ಅವರ ವ್ಯಾನು ನಮ್ಮನ್ನು ದಾಟಿ ಹೋಗುವಾಗ ಒಳಗಿದ್ದವರು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ನಮ್ಮ ಚೀಲದಲ್ಲಿ ರೊಟ್ಟಿ, ಹುಚ್ಚೆಳ್ಳಿನ ಪುಡಿ, ಅವಲಕ್ಕಿ ಇತ್ತು. ಕತ್ತಲಾಗುವ ಹೊತ್ತಿಗೆ ಆನೇಮಹಲ್ ತಲುಪಿದೆವು. ಗುಂಪಿನವರು ಉಳಿದಿದ್ದ ಶೆಡ್ಡಿನಲ್ಲಿ ಹೆಂಗಸರಿಗೆ ಜಾಗ ಇಲ್ಲ ಎಂದು ಹೇಳಿಸಿದರು. ಮಿಲ್ಲಕ್ಕ ಜಗಳವಾಡಲಿಲ್ಲ. ರಸ್ತೆ ಪಕ್ಕದ ಒಂದು ಹೆಂಚಿನ ಮನೆಯ ಮುಂದೆ ಶಿಲುಬೆಯ ಕೆಳಗೆ ದೀಪ ಉರಿಯುತ್ತಿತ್ತು. ನೇರ ಅಲ್ಲಿಗೆ ಹೋಗಿ ಕೂಗಿದರು.

ಆ ಮನೆ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರದು. ಗಂಡ ಊರಲ್ಲಿರಲಿಲ್ಲ. ಹೆಂಡತಿ ಮಂಗಳೂರು ಕಡೆಯವರು, ಸಣಕಲು ಹೆಂಗಸು. ನಮ್ಮನ್ನು ಒಳಗೆ ಕೂರಿಸಿದ ಮೇಲೆ ನಮ್ಮ ಹಣೆಯ ವಿಭೂತಿ ನೋಡಿ ಅವರಿಗೇ ಮುಜುಗರವಾಯಿತು. ತಮ್ಮದೂ ಈಗ ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಮನೆಯಲ್ಲಿ ಮೀನಿನ ವಾಸನೆ ಕೂಡ ಇಲ್ಲ, ಹಾಗಾಗಿ ಒಂದು ಲೋಟ ಗಂಜಿ ಕುಡಿಯಬಹುದಲ್ಲವಾ ಎಂದು ಸಂಕೋಚದಿಂದ ಕೇಳಿದರು. ಮೀನಿದ್ದರೆ ಮೀನು ಬಿಟ್ಟು ಗಂಜಿ ಕುಡೀತಿದ್ದೆ, ಬಡಿಸವ್ವ, ಎಂದರು ಮಿಲ್ಲಕ್ಕ. ಊಟವಾದ ಮೇಲೆ ರೈಟರ ಹೆಂಡತಿ ಬಿಸಿನೀರಿಗೆ ಉಪ್ಪು ಹಾಕಿ ತಂದು ನಮ್ಮ ಕಾಲ ಬಳಿ ಇಟ್ಟರು.

"ನಾಳೆ ಇಳಿಯುವಾಗ ಉಂಟು ನಿಮಗೆ," ಎಂದರು. "ಹತ್ತುವುದು ಕಷ್ಟ ಅಂತ ಎಲ್ಲರೂ ಹೇಳುದು. ಆದರೆ ಘಾಟಿ ಮನುಷ್ಯರನ್ನು ಮುರಿಯುವುದು ಇಳಿಯುವಾಗ ಮಾರಾಯ್ರೆ. ಸಾಧ್ಯ ಇಲ್ಲ ಅಂತ ಆದರೆ ಲಾರಿಗೆ ಕೈ ಹಿಡಿಯಿರಿ, ನಾಚಿಕೆ ಬೇಡ."

ಅವರು ಹೇಳಿದ್ದು ನಿಜವಾಗಿತ್ತು. ಬೆಳಕು ಹರಿಯುವ ಮುಂಚೆ ಹೊರಟು ದೋಣಿಗಾಲ್ ದಾಟುವವರೆಗೆ ಮಂಜು, ತಣ್ಣಗಿನ ಗಾಳಿ. ಮಾರನಹಳ್ಳಿಯಲ್ಲಿ ಮಜ್ಜಿಗೆ ಕುಡಿದೆವು. ಅಲ್ಲಿಂದ ಮುಂದೆ ರಸ್ತೆ ಕೆಳಕ್ಕೆ ಬಾಗಿತು. ಆ ವರ್ಷಗಳಲ್ಲಿ ರೈಲು ಹಳಿ ಬದಲಾಯಿಸುವ ಕೆಲಸ ನಡೆದು ರೈಲು ನಿಂತಿದ್ದರಿಂದ, ಮಂಗಳೂರಿನ ಸರಕೆಲ್ಲ ಈ ಒಂದೇ ರಸ್ತೆಯಲ್ಲಿ ಬರಬೇಕಿತ್ತು. ಡಾಂಬರು ಕಿತ್ತು ಹೋಗಿ ಮೊಣಕಾಲುದ್ದದ ಗುಂಡಿಗಳು, ಮಿಕ್ಕ ಕಡೆ ಜಾರುವ ಜಲ್ಲಿ. ಟ್ಯಾಂಕರುಗಳು ಮೇಲೆ ಹತ್ತುವಾಗ ನಾವು ಬೆಟ್ಟಕ್ಕೆ ಬೆನ್ನು ಹಚ್ಚಿ ನಿಲ್ಲುತ್ತಿದ್ದೆವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಾಡು ತುಂಬಿದ ಪ್ರಪಾತ. ಅದರ ತಳದಲ್ಲೆಲ್ಲೋ ಹೊಳೆಯ ಸದ್ದು. ಇಳಿದಷ್ಟೂ ಸೆಕೆ ಹೆಚ್ಚಾಗಿ ಸೀರೆ ಮೈಗಂಟಿಕೊಂಡಿತು. ಪ್ರತಿ ಹೆಜ್ಜೆಗೂ ಮಿಲ್ಲಕ್ಕನ ಕಾಲಿನ ಬೆರಳುಗಳು ಹೋಗಿ ಶೂವಿನ ತುದಿಗೆ ಗುದ್ದುತ್ತಿದ್ದವು. ಅಷ್ಟು ಭಾರದ ಮೈಯನ್ನು ಇಳಿಜಾರಿನಲ್ಲಿ ತಡೆದು ಹಿಡಿಯಲು ಅವರ ಮಂಡಿಗಳು ಎಷ್ಟು ಕಷ್ಟಪಡುತ್ತಿವೆ ಎಂಬುದು ಅವರ ಉಸಿರಿನಲ್ಲೇ ಕೇಳುತ್ತಿತ್ತು. ಬಾಯಿ ಮಾತ್ರ ನಿಂತಿರಲಿಲ್ಲ. ಲಾರಿಯ ಡ್ರೈವರುಗಳನ್ನೂ, ರಸ್ತೆ ಮಾಡಿಸಿದವರನ್ನೂ, ಬೆಟ್ಟವನ್ನೂ ಬೈಯುತ್ತಾ ಇಳಿದರು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಗಂಡಸರ ಗುಂಪನ್ನು ಹಿಡಿದೆವು. ಬಿಸಿ ಡಾಂಬರು, ಚೂಪು ಜಲ್ಲಿ ಎರಡೂ ಸೇರಿ ಹಲವರ ಅಂಗಾಲಿನಲ್ಲಿ ಬೊಬ್ಬೆಗಳು ಎದ್ದಿದ್ದವು. ಪಟೇಲರು ತಿರುವಿನ ಕಟ್ಟೆಯ ಮೇಲೆ ಕೂತು ಕಾಲಿಗೆ ಬಟ್ಟೆ ಸುತ್ತಿಸಿಕೊಳ್ಳುತ್ತಿದ್ದರು. ಮಿಲ್ಲಕ್ಕ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಅವರನ್ನು ದಾಟುತ್ತಿದ್ದರು, ಅಷ್ಟರಲ್ಲಿ ಮೇಲಿನಿಂದ ಒಂದು ಜೀಪು ಇಳಿದು ಬಂದು ನಮಗೆ ಅಡ್ಡ ನಿಂತಿತು. ಅದರಿಂದ ಮೈದುನ ಇಳಿದ.

ಅವನು ಕೆಟ್ಟ ಮನುಷ್ಯನಲ್ಲ. ಊರಲ್ಲಿ ಜನ ಏನೇನೋ ಅಂದಿರಬೇಕು, ಅದು ಅವನ ಮುಖದಲ್ಲಿತ್ತು. ಮನೆತನದ ಮಾನ ರಸ್ತೆಗೆ ಬಿತ್ತು ಎಂದ. ವಿಧವೆ ಹೆಂಗಸು ಶೂ ಹಾಕ್ಕೊಂಡು, ಮದುವೆಯಾಗದ ಹುಡುಗೀನ ಕಟ್ಟಿಕೊಂಡು, ಯಾರ್‍ಯಾರ ಮನೇಲೋ ಉಂಡು ಮಲಗ್ತಾ ಹೋಗೋದನ್ನ ಯಾವ ದೇವರು ಮೆಚ್ಚುತ್ತಾನೆ ಎಂದ. ಜೀಪಿನ ಹಿಂಬಾಗಿಲು ತೆಗೆದು ಹತ್ತಿ ಎಂದ. ಮಿಲ್ಲಕ್ಕ ಹತ್ತಲಿಲ್ಲ. ಆಗ ಅವನು ಪಟೇಲರ ಕಡೆ, ಗುಂಪಿನ ಕಡೆ ಒಮ್ಮೆ ನೋಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಹಂಗಾದ್ರೆ ಸರಿ ಅತ್ತಿಗೆ. ಇಲ್ಲಿಂದ ಒಂದ್ ಹೆಜ್ಜೆ ಮುಂದಕ್ಕೆ ಇಟ್ರೆ ಮಿಲ್ಲಿನ ಕಡೆ ತಲೆ ಹಾಕ್ಬ್ಯಾಡಿ. ಇವತ್ತೇ ಬೀಗ ಜಡೀತೀನಿ."

ಒಂದು ಟ್ಯಾಂಕರು ಏದುಸಿರು ಬಿಡುತ್ತಾ ತಿರುವಿನಲ್ಲಿ ಹತ್ತುತ್ತಿತ್ತು. ಅದು ಹೋಗುವವರೆಗೆ ಮಿಲ್ಲಕ್ಕ ಕಾದರು. ನಾನು ದೊಡ್ಡ ಕೂಗಿಗೆ ಸಿದ್ಧವಾಗಿದ್ದೆ. ಅವರು ಮೈದುನನ ಹತ್ತಿರ ಹೋಗಿ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ನಿಮ್ಮಣ್ಣನ್ನ ಹೂತ ದಿನ ನನ್ ಕೈಕಾಲೂ ಜೊತೇಲೇ ಹೂತ್ಬುಟ್ರಿ ಅಂತ ತಿಳ್ಕಂಡಿದ್ದೀಯ ಕಣಪ್ಪ. ಅವು ಇನ್ನೂ ನನ್ ಹತ್ರಾನೇ ಅವೆ."

ಜೀಪಿನ ಮೂತಿಗೂ ಪ್ರಪಾತದ ಕಟ್ಟೆಗೂ ನಡುವೆ ಸಣ್ಣ ಸಂದಿತ್ತು. ಮಿಲ್ಲಕ್ಕ ತಮ್ಮ ದೊಡ್ಡ ಮೈಯನ್ನು ಅಡ್ಡಡ್ಡ ಮಾಡಿಕೊಂಡು ಅದರೊಳಗೆ ತೂರಿ ಆಚೆ ಹೋದರು. ನಾನೂ ಹೋದೆ.

ಮುಂದಿನ ತಿರುವು ದಾಟಿ, ಅವರೆಲ್ಲ ಕಣ್ಮರೆಯಾದ ಮೇಲೆ, ಮಿಲ್ಲಕ್ಕ ಒಂದು ಕಲ್ಲಿನ ಮೇಲೆ ಕುಸಿದರು. ನಸ್ಯದ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಅದನ್ನು ನನ್ನ ಕೈಗೆ ಕೊಟ್ಟರು. ನಾನು ತೆಗೆದುಕೊಟ್ಟೆ. ಅವನು ಹೇಳಿದ್ದನ್ನು ಮಾಡುವವನು, ಬೀಗ ಹಾಕಿಯೇ ಹಾಕುತ್ತಾನೆ, ಎಂದರು. ಮಿಲ್ಲು ಹೋದರೆ ಮಗಳ ಮನೆಗೆ ಹೋಗಿ ಬಾಗಿಲ ಮೂಲೆಯಲ್ಲಿ ಕೂರಬೇಕು, ಅದಕ್ಕಿಂತ ಈ ಕಟ್ಟೆಯಿಂದ ಕೆಳಗೆ ಹಾರುವುದು ವಾಸಿ ಎಂದರು. ಹಾಗಾದರೆ ಈಗಲೂ ತಡವಾಗಿಲ್ಲ, ಜೀಪು ಇನ್ನೂ ಅಲ್ಲೇ ಇರಬಹುದು ಎಂದು ನಾನು ಹೇಳಿದೆ. ಅವರು ನನ್ನನ್ನೇ ನೋಡಿದರು.

"ಹೆದ್ರುಕೆ ಆಗ್ತಾ ಐತೆ ಅಂದೆ ಕಣವ್ವ. ವಾಪಸ್ ಹೋಗ್ತೀನಿ ಅಂದ್ನಾ?"

ಎದ್ದರು. ಆಮೇಲಿನ ಇಳಿಜಾರು ಎಲ್ಲಕ್ಕಿಂತ ಕೆಟ್ಟದು. ಒಂದು ಕಡೆ ಜಲ್ಲಿಯಲ್ಲಿ ಜಾರಿ ಮಂಡಿಯೂರಿ ಬಿದ್ದರು. ಶೂ ಬಿಚ್ಚಿ ನೋಡಿದರೆ ಹೆಬ್ಬೆರಳಿನ ಉಗುರು ಎದ್ದು ನಿಂತಿತ್ತು, ಕಾಲುಚೀಲದ ತುಂಬ ರಕ್ತ. ಲಾರಿಯೊಂದರ ಡ್ರೈವರು ತಾನಾಗಿಯೇ ನಿಲ್ಲಿಸಿ ಹತ್ತಿಸಿಕೊಳ್ಳುತ್ತೇನೆ ಎಂದ. ಕೂತುಕೊಂಡು ಹೋಗೋದಾಗಿದ್ರೆ ಬಸ್ಸಲ್ಲೇ ಆರಾಮಾಗಿ ಬರ್ತಿದ್ದೆ, ನಿನ್ನ ಹೊಟ್ಟೆ ತಣ್ಣಗಿರಲಿ, ನಡಿ, ಎಂದು ಅವನನ್ನು ಕಳಿಸಿದರು. ನಾನು ನನ್ನ ಸೆರಗಿನ ಅಂಚು ಹರಿದು ಅವರ ಬೆರಳಿಗೆ ಕಟ್ಟಿದೆ. ಅವರು ಒಂದು ಕೈ ನನ್ನ ಹೆಗಲ ಮೇಲಿಟ್ಟು, ಇಳಿಜಾರಿಗೆ ಅಡ್ಡಡ್ಡ ಹೆಜ್ಜೆ ಹಾಕುತ್ತಾ ನಡೆದರು. ನನ್ನ ಹೆಗಲು ಆಮೇಲೆ ವಾರಗಟ್ಟಲೆ ನೋಯುತ್ತಿತ್ತು. ಆ ಹೊತ್ತು ಮಾತ್ರ ಅವರು ಯಾರನ್ನೂ ಬೈಯಲಿಲ್ಲ. ಹೊಳೆಯ ಸದ್ದು ನಿಧಾನವಾಗಿ ಹತ್ತಿರವಾಗಿ, ಕೊನೆಗೆ ರಸ್ತೆಯ ಮಟ್ಟಕ್ಕೇ ಬಂತು. ಗುಂಡ್ಯದ ಹೋಟೆಲುಗಳ ಹೊಗೆ ಕಂಡಾಗ ಬಿಸಿಲು ಇಳಿದಿತ್ತು. ಮಿಲ್ಲಕ್ಕ ಹಿಂದಿರುಗಿ, ನಾವು ಇಳಿದು ಬಂದ ಬೆಟ್ಟವನ್ನು ಬುಡದಿಂದ ತುದಿಯವರೆಗೆ ನೋಡಿದರು. ಇಷ್ಟೇನಾ, ಎಂದರು. ಆಮೇಲೆ ಹೊಳೆಯ ನೀರಿಗೆ ಕಾಲು ಬಿಟ್ಟುಕೊಂಡು ಚಿಕ್ಕ ಹುಡುಗಿಯ ಹಾಗೆ ಅತ್ತರು.

ಮುಂದಿನ ದಾರಿಯನ್ನು ಕುಂಟುತ್ತಲೇ ಮುಗಿಸಿದೆವು. ಶಿವರಾತ್ರಿಯ ಜನಸಾಗರದಲ್ಲಿ ದೇವರ ಮುಂದೆ ನಿಲ್ಲಲು ಸಿಕ್ಕಿದ್ದು ಒಂದು ಕ್ಷಣ. ಏನು ಕೇಳಿಕೊಂಡಿರಿ ಎಂದು ಹೊರಗೆ ಬಂದ ಮೇಲೆ ವಿಚಾರಿಸಿದೆ. ಏನೂ ಇಲ್ಲ, ಬಂದಿದ್ದೀನಿ ಅಂತ ಹೇಳ್ದೆ, ಎಂದರು.

ಬಸ್ಸಿನಲ್ಲಿ ಊರಿಗೆ ವಾಪಸಾದಾಗ ಮಿಲ್ಲಿನ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಮಿಲ್ಲಕ್ಕ ಅದನ್ನು ಮುಟ್ಟಿ ಕೂಡ ನೋಡಲಿಲ್ಲ. ಮನೆಯಿಂದ ಚಾಪೆ ತಂದು ಬಾಗಿಲ ಮುಂದಿನ ಜಗುಲಿಯ ಮೇಲೆ ಹಾಸಿ, ಕಾಲು ನೀಡಿಕೊಂಡು ಕೂತರು. ಮೈದುನನ ಮನೆಗೆ ಹೋಗಲಿಲ್ಲ, ಯಾರನ್ನೂ ಮಧ್ಯಸ್ಥಿಕೆಗೆ ಕಳಿಸಲಿಲ್ಲ. ಹೆಂಗಸರು ಕುಕ್ಕೆ ಹೊತ್ತು ಬಂದರೆ, ಬೀಗ ನಂದಲ್ಲ ಕಣ್ರವ್ವ, ಹಾಕಿದೋರನ್ನ ಕೇಳಿ ಎನ್ನುತ್ತಿದ್ದರು. ಬೇರೆ ಮಿಲ್ಲಿಗೆ ಆಲೂರಿಗೇ ಹೋಗಬೇಕು. ರಾಗಿ ಬೀಸಿಸಲು ಬಸ್ಸಿಗೆ ಹೋಗುವವರು ಯಾರು. ಹೆಂಗಸರು ಕುಕ್ಕೆಯನ್ನು ವಾಪಸ್ಸು ತೆಗೆದುಕೊಂಡು ಹೋಗಲಿಲ್ಲ, ಸಾಲಾಗಿ ಅಲ್ಲೇ ಬಿಟ್ಟು ಹೋದರು. ದಿನ ಕಳೆದ ಹಾಗೆ ಸಾಲು ಉದ್ದವಾಗಿ ಬಸ್ಸು ತಿರುಗಿಸುವ ಜಾಗದವರೆಗೆ ಬಂತು. ಊರಿನ ಮನೆಗಳಲ್ಲಿ ಮುದ್ದೆ ನಿಂತಿತು. ಮೂರು ಹೊತ್ತೂ ಅನ್ನ ಉಂಡು ಗಂಡಸರು ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ ಎಂದು ಗೊಣಗಿದರು. ಹಿಟ್ಟು ಬೇಕಾದರೆ ನಿಮ್ಮ ಗುಂಪಿನ ಯಜಮಾನರನ್ನು ಕೇಳಿ ಎಂದು ಹೆಂಡತಿಯರು ಹೇಳಿದರಂತೆ.

ಕೊನೆಗೆ ಪಟೇಲರೇ ಬಂದರು. ಅಂಗಾಲಿನ ಗಾಯ ಇನ್ನೂ ಆರಿರಲಿಲ್ಲ, ಕೋಲೂರಿಕೊಂಡು ಬಂದರು. ನಾನು ಶಾಲೆಯಿಂದ ಆಗಷ್ಟೇ ಬಂದಿದ್ದೆ. ಪಟೇಲರು ಜಗುಲಿಯ ಕೆಳಗೆ ನಿಂತು, ಇದೇನವ್ವ ಹಿಂಗೆ ಮಾಡಿದ್ರೆ ಹೆಂಗೆ ಎಂದರು. ನಾನೇನ್ ಮಾಡ್ದೆ, ಸುಮ್ನೆ ಕುಂತಿದ್ದೀನಿ, ಎಂದರು ಮಿಲ್ಲಕ್ಕ. ಪಟೇಲರು ಆ ಸಾಲನ್ನು ನೋಡಿದರು. ಅದರಲ್ಲಿ ಅವರ ಮನೆಯ ಕುಕ್ಕೆ ಎಲ್ಲೋ ನಡುವೆ ಇತ್ತು. ಅಲ್ಲಿಂದ ನೇರ ಮೈದುನನ ಮನೆಯ ಕಡೆ ನಡೆದರು. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಸಂಜೆಯಾಗುವ ಮುಂಚೆ ಮೈದುನ ತಾನೇ ಬಂದು ಬೀಗ ತೆಗೆದು, ಕೀಲಿಯನ್ನು ಜಗುಲಿಯ ಮೇಲಿಟ್ಟು, ಅತ್ತಿಗೆಯ ಮುಖ ನೋಡದೆ ಹೋದ. ಹೆಂಗಸರು ಸುತ್ತ ನೆರೆದಿದ್ದರು. ಮಿಲ್ಲಕ್ಕ ಗೆದ್ದವರ ಹಾಗೆ ಏನೂ ಮಾಡಲಿಲ್ಲ. ಕಚ್ಚೆ ಬಿಗಿದು ಒಳಗೆ ಹೋಗಿ ಸ್ವಿಚ್ಚು ಹಾಕಿ, ಹೊರಗೆ ತಲೆ ಹಾಕಿ ಕೂಗಿದರು: "ಮೊದಲ್ನೇದು ಯಾರ್ದು?"

ಮಾರನೆಯ ವರ್ಷ ಪಟೇಲರು ಒಂದು ರಾಜಿ ತಂದರು. ಹೆಂಗಸರು ಹಿಂದೆ ಬೇರೆಯಾಗಿ ನಡೆಯಲಿ, ಅವರ ಚೀಲಗಳನ್ನು ಬೇಕಾದರೆ ವ್ಯಾನಿಗೆ ಹಾಕಲಿ ಎಂದು. ಚೀಲ ನಾವೇ ಹೊರ್ತೀವಿ, ಹಿಂದೆ ನಡೀಬೇಕೋ ಮುಂದೆ ನಡೀಬೇಕೋ ಅನ್ನೋದನ್ನ ಕಾಲು ಹೇಳುತ್ತೆ, ಎಂದು ಮಿಲ್ಲಕ್ಕ ಉತ್ತರ ಕಳಿಸಿದರು. ಆ ವರ್ಷ ನಮ್ಮ ಜೊತೆ ಅಂಗನವಾಡಿಯ ಸಹಾಯಕಿ, ಬಳೆ ಮಾರುವ ಹೆಂಗಸು, ಪಟೇಲರ ಸ್ವಂತ ಸೊಸೆ, ಇನ್ನೂ ಕೆಲವರು ಬಂದರು. ಆನೇಮಹಲಿನ ರೈಟರ ಹೆಂಡತಿ ದೊಡ್ಡ ಹಂಡೆಯಲ್ಲಿ ಗಂಜಿ ಮಾಡಿ ಕಾದಿದ್ದರು. ನನಗೆ ವರ್ಗವಾದ ಮೇಲೂ ಸಾಧ್ಯವಾದ ವರ್ಷಗಳಲ್ಲಿ ಹೋಗಿ ಸೇರಿಕೊಳ್ಳುತ್ತಿದ್ದೆ. ಒಂದು ಹಂತದಲ್ಲಿ ಗುಂಪಿನಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾದರು.

ಮಿಲ್ಲಕ್ಕನನ್ನು ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ನಿಮ್ಮಿಂದ ಎಷ್ಟು ಜನಕ್ಕೆ ಧೈರ್ಯ ಬಂತು ಎಂದು ಒಮ್ಮೆ ಹೇಳಿದ್ದಕ್ಕೆ, ಧೈರ್ಯ ಎಲ್ಲಿಂದ ಬಂತು, ನನಗೇ ಇರಲಿಲ್ಲ, ಅವರವರ ಕಾಲು ಅವರು ಎತ್ತಿಟ್ಟರು ಎಂದರು. ಕೊನೆಯ ವರ್ಷಗಳಲ್ಲಿ ಮಂಡಿ ಪೂರ್ತಿ ಸವೆದು ಹಾಸನದ ಡಾಕ್ಟರು ಇಳಿಜಾರು ನಡೆಯಲೇಬಾರದು ಎಂದಿದ್ದರು. ಡಾಕ್ಟರ ಮಾತಿಗೆ ಬೆಲೆ ಕೊಡುತ್ತೇನೆ, ಹತ್ತು ಹೆಜ್ಜೆ ಇಳಿದರೆ ಒಂದು ಸಲ ಕೂರುತ್ತೇನೆ ಎಂದು ಹೊರಟೇಬಿಟ್ಟರು.

ಸುದ್ದಿ ಕೇಳಿದ ದಿನ ನಾನು ಸಿಕ್ಕಿದ ಬಸ್ಸು ಹತ್ತಿ ಮಧ್ಯಾಹ್ನದ ಹೊತ್ತಿಗೆ ಕುಂದೂರು ತಲುಪಿದೆ. ಮಗಳು ಅರಕಲಗೂಡಿನಿಂದ ಬಂದಿದ್ದಳು. ಮೈದುನ, ಈಗ ಹಲ್ಲಿಲ್ಲದ ಮುದುಕ, ಮಿಲ್ಲಿನ ಜಗುಲಿಯ ಮೂಲೆಯಲ್ಲಿ ಕೂತು ಎಲ್ಲರ ಮುಂದೆ ಅಳುತ್ತಿದ್ದ. ಅಯ್ಯನೋರು ಬಂದು ವಿಭೂತಿ ಹಚ್ಚಿ, ಹೂ ಹಾಕಿ, ಮಿಲ್ಲಕ್ಕನನ್ನು ಹೆಣ ಹೊರಲು ಬಿದಿರಿನಲ್ಲಿ ಕಟ್ಟಿದ ವಿಮಾನದಲ್ಲಿ ಕೂರಿಸಿದರು. ಗಂಡಸರು ಹೆಗಲು ಕೊಟ್ಟರು. ಪಟೇಲರು ಕೋಲೂರಿಕೊಂಡು ಮುಂದೆ ನಡೆದರು, ನಾವೆಲ್ಲ ಹಿಂದೆ.

ಆ ಊರಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಕೆರೆ ಏರಿಯ ಹತ್ತಿರ, ಆಲದ ಮರ ಸಿಕ್ಕಿದ ಮೇಲೆ, ಹೆಂಗಸರು ಅಲ್ಲೇ ನಿಂತು ಕೈಮುಗಿದು ವಾಪಸಾಗಬೇಕು. ಯಾವ ಸಾವಿನಲ್ಲೂ ಹಾಗೇ ನಡೆದು ಬಂದಿತ್ತು. ಆಲದ ಮರ ಬಂತು. ವಾಡಿಕೆಯಂತೆ ಹೆಂಗಸರನ್ನು ಕಳಿಸಿಕೊಡಲು ಪಟೇಲರು ನಿಂತು ಹಿಂದಿರುಗಿದರು. ನನ್ನ ಮುಂದೆ ಮಿಲ್ಲಕ್ಕನ ಮಗಳಿದ್ದಳು, ಅವಳ ಪಕ್ಕದಲ್ಲಿ ಪಟೇಲರ ಸೊಸೆ, ಅವರ ಹಿಂದೆ ಶಿರಾಡಿ ಇಳಿದ ಅಷ್ಟೂ ಹೆಂಗಸರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಯಾರೂ ನಿಲ್ಲಲಿಲ್ಲ. ಪಟೇಲರು ಕೋಲನ್ನು ಪಕ್ಕಕ್ಕೆ ತೆಗೆದುಕೊಂಡು ನಮಗೆ ದಾರಿ ಬಿಟ್ಟರು.